ಕುಬಾ ಬಟ್ಟೆಯ ಗೆರೆಗಳನ್ನು ಓದಲು ಬರುತ್ತದೆಯೇ?

ಪ್ರಶ್ನೆ: ನಾನು ಧಾರವಾಡದವಳು, ಆರು ವರ್ಷದಿಂದ ಬ್ರಸೆಲ್ಸ್‌ನಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಕಾಂಗೋ ದೇಶದ ಎರಡು ಬಟ್ಟೆ ಕೊಂಡೆ. ಒಂದು, ಸುಮಾರು 55 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ತುಂಡು. ಮುಟ್ಟಿದರೆ ಮಖಮಲ್ಲಿನ ಹಾಗಿದೆ. ಕಪ್ಪು, ಕಂದು, ಒಣಹುಲ್ಲಿನ ಬಣ್ಣದಲ್ಲಿ ವಜ್ರಾಕೃತಿಗಳು. ಇನ್ನೊಂದು 4 ಮೀಟರ್ ಉದ್ದ, 75 ಸೆಂ.ಮೀ. ಅಗಲ; ಒರಟು ಬಟ್ಟೆಯ ಮೇಲೆ ಅಲ್ಪವಿರಾಮದಂಥ, ಎಲ್ ಅಕ್ಷರದಂಥ ತೇಪೆಗಳು. ಜೊತೆಗೊಂದು ಚೀಟಿ: "ಕುಬಾ ರಾಜಮನೆತನದ ಶವಸಂಸ್ಕಾರದ ವಸ್ತ್ರ, 19ನೇ ಶತಮಾನ. ವಜ್ರ ಎಂದರೆ ಫಲವಂತಿಕೆ, ಅಂಕುಡೊಂಕು ಗೆರೆ ಎಂದರೆ ನದಿ, ಆಮೆಯ ಬೆನ್ನು ಎಂದರೆ ದೀರ್ಘಾಯುಷ್ಯ." ಮಖಮಲ್ಲಿನ ತುಂಡಿನಲ್ಲಿ ವಿನ್ಯಾಸ ನಡುವೆ ತಟ್ಟನೆ ದಾರಿ ತಪ್ಪುತ್ತದೆ, ಹಾಳಾದ ಮಾಲನ್ನು ದಾಟಿಸಿದರೇ ಎಂಬ ಅನುಮಾನ. ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ಅವ್ವ "ಹೆಣದ ಮ್ಯಾಲಿನ ಅರಿವಿ ಮನ್ಯಾಗ ಇಟ್ಕೋಬ್ಯಾಡ" ಅಂದಳು. ಚೀಟಿಯ ಅರ್ಥಗಳು ನಿಜವೇ? ಇದು ಶವಕ್ಕೆ ಹೊದಿಸಿದ್ದೇ? ಹೊಗೆಯ ವಾಸನೆ ಇದೆ, ತೊಳೆದು ಇಸ್ತ್ರಿ ಮಾಡಬಹುದೇ? ಗೋಡೆಗೆ ಹೇಗೆ ತೂಗುಹಾಕಲಿ?

ಉತ್ತರ: ಮೊದಲು ನಿಮ್ಮ ಅವ್ವನ ಮಾತಿಗೆ ಬರೋಣ, ಅದು ಮನೆಯ ನೆಮ್ಮದಿಯ ವಿಷಯ. ಕುಬಾ ಜನರಲ್ಲಿ ಶವಕ್ಕೆ ತೊಡಿಸಿದ ಬಟ್ಟೆ ಶವದ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅದನ್ನು ಕಳಚಿ ಮನೆಗೆ ತರುವ ರೂಢಿಯಿಲ್ಲ. ಸತ್ತವರು ಸರಿಯಾದ ಉಡುಗೆಯಲ್ಲಿ ಹೋಗದಿದ್ದರೆ ಆ ಲೋಕದಲ್ಲಿರುವ ಹಿರಿಯರಿಗೆ ಗುರುತು ಸಿಗುವುದಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಹೀಗಾಗಿ ಸಂತೆಗೆ ಬಂದಿರುವುದು ಬಹುಮಟ್ಟಿಗೆ ಮಣ್ಣಿಗೆ ಹೋಗದೆ ಉಳಿದ ಬಟ್ಟೆ: ಕುಟುಂಬ ಪೆಟ್ಟಿಗೆಯಲ್ಲಿ ಕೂಡಿಟ್ಟದ್ದು, ಸಾವಿನ ಕುಣಿತದಲ್ಲಿ ಬದುಕಿರುವವರು ಉಟ್ಟದ್ದು, ಇಲ್ಲವೇ ಮಾರಾಟಕ್ಕೆಂದೇ ಮಾಡಿದ್ದು. "ಶವಸಂಸ್ಕಾರದ ವಸ್ತ್ರ" ಎಂಬ ಚೀಟಿ ಪೂರ್ತಿ ಸುಳ್ಳಲ್ಲ, ಆದರೆ ಗಿರಾಕಿಯ ಮೈ ಜುಮ್ಮೆನಿಸಲು ಬರೆದದ್ದು. ಇದೇ ಬಟ್ಟೆಗಳನ್ನು ಹಬ್ಬದ ಕುಣಿತದಲ್ಲೂ ಉಡುತ್ತಾರೆ. ಮಖಮಲ್ಲಿನಂಥ ತುಂಡುಗಳನ್ನು ಆಸನದ ಮೇಲೆ ಹಾಸುತ್ತಾರೆ, ಕಾಣಿಕೆಯಾಗಿ, ವಧುದಕ್ಷಿಣೆಯಾಗಿ, ದಂಡವಾಗಿ ಕೊಡುತ್ತಿದ್ದರು. ಇಷ್ಟನ್ನು ಅವ್ವನಿಗೆ ಹೇಳಿ. ಆಮೇಲೂ ಮನಸ್ಸು ಒಪ್ಪದಿದ್ದರೆ ಅದು ಬಟ್ಟೆಯ ಇತಿಹಾಸದ ಪ್ರಶ್ನೆಯಲ್ಲ, ನಿಮ್ಮಿಬ್ಬರ ನಡುವಿನ ಮಾತು.

ಈಗ ಚೀಟಿಯ ಉಳಿದ ಭಾಗ. ಕುಬಾ ಎನ್ನುವುದು ಒಂದೇ ಬುಡಕಟ್ಟಿನ ಹೆಸರಲ್ಲ. ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕಸಾಯಿ ಪ್ರಾಂತದಲ್ಲಿ, ಕಸಾಯಿ ಮತ್ತು ಸಂಕುರು ನದಿಗಳ ನಡುವಿನ ನೆಲದಲ್ಲಿ, ಹದಿನೈದಕ್ಕೂ ಹೆಚ್ಚು ಗುಂಪುಗಳು ಸೇರಿದ ಒಂದು ರಾಜ್ಯ ಅದು. ದೊರೆಗೆ ನ್ಯಿಮ್ ಎಂಬ ಬಿರುದು, ರಾಜಧಾನಿ ನ್‌ಶೆಂಗ್ (ನಕಾಶೆಗಳಲ್ಲಿ ಮುಶೆಂಗೆ ಎಂದಿರುತ್ತದೆ), ಆಳುವವರು ಬುಶೋಂಗ್ ಗುಂಪಿನವರು. 17ನೇ ಶತಮಾನದ ಮೊದಲ ಭಾಗದಲ್ಲಿ ಶ್ಯಾಮ್ ಎಂಬ ದೊರೆ ಈ ರಾಜ್ಯಕ್ಕೆ ಗಟ್ಟಿ ರೂಪ ಕೊಟ್ಟನೆಂದೂ, ಕಸೂತಿ ಕೆಲಸವನ್ನು ಪಶ್ಚಿಮದ ನಾಡಿನಿಂದ ತಂದವನು ಅವನೇ ಎಂದೂ ಅಲ್ಲಿನ ಬಾಯಿಮಾತಿನ ಇತಿಹಾಸ ಹೇಳುತ್ತದೆ. ನಿಮ್ಮ ಮಖಮಲ್ಲಿನ ತುಂಡಿನಂಥವಕ್ಕೆ ಹೆಸರಾದವರು ಉತ್ತರದ ಶೋವಾ ಗುಂಪಿನ ಹೆಂಗಸರು. ಹಾಗಾಗಿ "ಕುಬಾದಲ್ಲಿ ವಜ್ರ ಎಂದರೆ ಇದು" ಎಂದು ಒಂದೇ ಏಟಿಗೆ ಹೇಳುವುದು, "ಕರ್ನಾಟಕದಲ್ಲಿ ರಂಗೋಲಿಯ ಎಸಳಿಗೆ ಅರ್ಥ ಇದು" ಎಂದಷ್ಟೇ ಗಟ್ಟಿಯಾದ ಮಾತು.

ವಿನ್ಯಾಸಗಳಿಗೆ ಹೆಸರುಗಳಿವೆ, ನೂರಾರು ಇವೆ. ಆದರೆ ಹೆಸರೇ ಬೇರೆ, ಅರ್ಥವೇ ಬೇರೆ. ನಮ್ಮ ಕಸೂತಿಯಲ್ಲಿ ತೇರು, ಗೋಪುರ, ತುಳಸಿಕಟ್ಟೆ ಎಂದು ಹೆಸರಿದೆ. ಇಳಕಲ್ ಸೀರೆಯ ಮೇಲೆ ತೇರು ಬಂದರೆ ಉಟ್ಟವಳು ಜಾತ್ರೆಯ ಬಗ್ಗೆ ಏನೋ ಹೇಳುತ್ತಿದ್ದಾಳೆ ಎಂದು ಯಾರೂ ಓದುವುದಿಲ್ಲ. ಅಲ್ಲಿ ತೇರಿನ ಆಕಾರವಾದರೂ ಕಣ್ಣಿಗೆ ಕಾಣುತ್ತದೆ. ಕುಬಾದಲ್ಲಿ ಅದೂ ಇಲ್ಲ. ಹೆಣೆದುಕೊಂಡ ಗೆರೆಗಳ ಒಂದು ಗಂಟಿಗೆ ಆಮೆಯ ಹೆಸರಿರಬಹುದು, ಬಳ್ಳಿಯ ಹೆಸರಿರಬಹುದು, ಯಾರೋ ಹಿಂದಿನವರ ಹೆಸರೂ ಇರಬಹುದು. ಹಂಗೇರಿಯ ಎಮಿಲ್ ಟೋರ್ಡೆ 1908ರಲ್ಲಿ ದೊರೆ ಕೊತ್ ಆ-ಪೆಯ ಕಾಲದಲ್ಲಿ ನ್‌ಶೆಂಗ್‌ನಲ್ಲಿದ್ದು ಬ್ರಿಟಿಷ್ ಮ್ಯೂಸಿಯಂಗಾಗಿ ವಸ್ತುಗಳನ್ನೂ ಅವುಗಳ ಹೆಸರುಗಳನ್ನೂ ಕೂಡಿಸಿದಾಗಲೇ ಈ ತೊಡಕು ಎದುರಾಗಿತ್ತು: ಒಂದೇ ವಿನ್ಯಾಸವನ್ನು ಇಬ್ಬರಿಗೆ ತೋರಿಸಿದರೆ ಎರಡು ಹೆಸರು.

ಇದು ಮರೆವಲ್ಲ. ಹೆಸರಿಡುವ ರೀತಿಯೇ ಹಾಗೆ. ನಾವು ಇಡೀ ಬಟ್ಟೆಯ ನೋಟಕ್ಕೆ ಹೆಸರು ಹುಡುಕುತ್ತೇವೆ. ಅವರು ವಿನ್ಯಾಸದ ಒಳಗೆ ತಮ್ಮ ಕಣ್ಣಿಗೆ ಮುಖ್ಯವೆನಿಸಿದ ಒಂದು ಘಟಕವನ್ನು ಹಿಡಿದು ಅದರ ಹೆಸರಿನಿಂದಲೇ ಇಡೀ ವಿನ್ಯಾಸವನ್ನು ಕರೆಯುತ್ತಾರೆ. ಮರ ಕೆತ್ತುವ ಗಂಡಸಿಗೆ ಗಂಟಿನ ತಿರುವು ಕಾಣುತ್ತದೆ. ಸೂಜಿ ಹಿಡಿದ ಹೆಂಗಸಿಗೆ ಎರಡು ಗಂಟುಗಳ ನಡುವೆ ಉಳಿದ ಜಾಗ ಕಾಣುತ್ತದೆ. ಇಬ್ಬರೂ ಸರಿ. ಇದೇ ಗೆರೆಗಳು ಮರದ ಲೋಟ, ನಗಾರಿ, ಚಾಪೆ, ಮನೆಯ ಗೋಡೆಗಳ ಮೇಲೂ ಇವೆ, ಹಿಂದೆ ಹೆಂಗಸರ ಹೊಟ್ಟೆಯ ಮೇಲೆ ಕೊಯ್ದು ಮೂಡಿಸುತ್ತಿದ್ದ ಗಾಯದ ಚಿತ್ತಾರದಲ್ಲೂ ಇದ್ದವು. ಅಷ್ಟು ಕಡೆ ಬರುವ ಒಂದು ಗೆರೆಗೆ ಒಂದೇ ಅರ್ಥ ಅಂಟಿಸುವುದು ಕಷ್ಟ.

ಹಾಗಾದರೆ ಅರ್ಥವೇ ಇಲ್ಲವೇ? ಇದೆ, ಆದರೆ ಚೀಟಿ ಹುಡುಕಿದ ಕಡೆಯಲ್ಲಿಲ್ಲ. ಹೊಸ ವಿನ್ಯಾಸ ಹುಟ್ಟಿಸುವುದು ಅಲ್ಲಿ ದೊಡ್ಡ ಮಾತು. ಪಟ್ಟಕ್ಕೆ ಬಂದ ದೊರೆ ತನ್ನದೇ ಒಂದು ವಿನ್ಯಾಸ ಕೊಡಬೇಕು, ಅದು ಅವನ ನಗಾರಿಯ ಮೇಲೆ ಮೂಡಬೇಕು. 1920ರ ದಶಕದಲ್ಲಿ ಮಿಶನರಿಗಳು ಮೋಟರ್‌ಸೈಕಲ್ ತಂದು ತೋರಿಸಿದಾಗ ದೊರೆಗೆ ಯಂತ್ರದಲ್ಲಿ ಆಸಕ್ತಿ ಹುಟ್ಟಲಿಲ್ಲ. ಮರಳಿನ ಮೇಲೆ ಟೈರು ಬಿಟ್ಟುಹೋದ ಗುರುತನ್ನು ನೋಡಿ ಬೆರಗಾಗಿ ಅದನ್ನು ನಕಲು ಮಾಡಿಸಿದರು, ದೊರೆಯ ಹೆಸರನ್ನೇ ಅದಕ್ಕಿಟ್ಟರು ಎಂಬ ಪ್ರಸಂಗ ದಾಖಲಾಗಿದೆ. ಆ ವಿನ್ಯಾಸದ "ಅರ್ಥ" ಏನು? ಟೈರೂ ಅಲ್ಲ, ವೇಗವೂ ಅಲ್ಲ. ಯಾರ ಕಣ್ಣು ಅದನ್ನು ಹಿಡಿಯಿತು, ಯಾರ ಹೆಸರಿನಲ್ಲಿ ಉಳಿಯಿತು ಎಂಬುದೇ ಅರ್ಥ. ಬಟ್ಟೆಯಲ್ಲೂ ಹೀಗೆಯೇ. ಎಷ್ಟು ಕೈಗಳು ದುಡಿದಿವೆ, ಯಾವ ಬಳಗದ್ದು, ಎಂಥ ಸಾವಿಗೆ ಯಾವುದನ್ನು ಹೊರತೆಗೆದರು, ಇದನ್ನು ಅಲ್ಲಿಯವರು ಓದುತ್ತಾರೆ. ವಜ್ರ ಎಂದರೆ ಫಲವಂತಿಕೆ, ಅಂಕುಡೊಂಕು ಎಂದರೆ ನದಿ ಎಂಬ ಪಟ್ಟಿ ಯಾವ ಖಂಡದ ಬಟ್ಟೆಗಾದರೂ ಹೊಂದುವ ಅಂಗಡಿ ಪಟ್ಟಿ. ಆಮೆ ಎಂಬುದು ಒಂದು ವಿನ್ಯಾಸದ ಹೆಸರಾಗಿರಬಹುದು. "ದೀರ್ಘಾಯುಷ್ಯ" ಮಾರುವವನು ಸೇರಿಸಿದ ಬಾಲ.

ಇನ್ನು ನಡುವೆ ದಾರಿ ತಪ್ಪಿದ ವಿನ್ಯಾಸ. ಅದು ಹಾಳಾದ ಮಾಲಲ್ಲ, ನಿಮ್ಮ ತುಂಡಿನ ಒಳ್ಳೆಯ ಗುಣವೇ ಅದು. ಕಾರಣ ತಿಳಿಯಬೇಕಾದರೆ ಬಟ್ಟೆ ಹುಟ್ಟುವ ಬಗೆಯನ್ನು ನೋಡಬೇಕು.

ಎಳೆ ಬರುವುದು ರಾಫಿಯಾ ಎಂಬ ತಾಳೆ ಜಾತಿಯ ಮರದ ಎಳೆಗರಿಯಿಂದ. ಗರಿಯ ಮೇಲಿನ ತೆಳು ಪೊರೆಯನ್ನು ಸುಲಿದು, ಒಣಗಿಸಿ, ಸೀಳುತ್ತಾರೆ. ಹತ್ತಿಯಂತೆ ನೂಲುವುದಿಲ್ಲ, ಒಂದಕ್ಕೊಂದು ಗಂಟು ಹಾಕುವುದೂ ಇಲ್ಲ. ಹೀಗಾಗಿ ಬಟ್ಟೆಯ ಉದ್ದ ಎಂದರೆ ಒಂದು ಗರಿಯ ಉದ್ದ. ತುದಿ ಕತ್ತರಿಸಿ ಅಂಚು ಮಡಚಿದ ಮೇಲೆ ಮೀಟರಿನ ಒಳಗೇ ಉಳಿಯುತ್ತದೆ. ನಿಮ್ಮ ತುಂಡು 60 ಸೆಂ.ಮೀ. ಇರುವುದು ಇದಕ್ಕೇ. ಮರ ಬೆಳೆಸುವುದು, ಮಗ್ಗದಲ್ಲಿ ನೇಯುವುದು ಗಂಡಸರ ಕೆಲಸ. ನೇಯ್ದದ್ದು ಗೋಣಿಯಂತೆ ಬಿರುಸಾಗಿರುತ್ತದೆ. ಅದನ್ನು ಒದ್ದೆ ಮಾಡಿ ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುತ್ತಾರೆ, ಇಲ್ಲವೇ ಕೈಯಲ್ಲಿ ನಾದುತ್ತಾರೆ. ಆಗ ಮೆತ್ತಗಾಗುತ್ತದೆ.

ಮಖಮಲ್ಲಿನ ಕೆಲಸ ಹೆಂಗಸರದ್ದು. ಬಣ್ಣ ಹಾಕಿದ ಎಳೆಯನ್ನು ಕೂದಲಿನಷ್ಟು ತೆಳ್ಳಗೆ ಸೀಳಿ ಸೂಜಿಗೆ ಪೋಣಿಸಿ, ಹಾಸು ಹೊಕ್ಕು ದಾಟುವ ಒಂದು ಕಡೆ ಅಡಿಗೆ ತೂರಿಸಿ ಎಳೆಯುತ್ತಾರೆ. ಈ ಬದಿ ಎರಡು ಮೂರು ಮಿ.ಮೀ. ಉಳಿಸಿ, ಆ ಬದಿಯೂ ಅಷ್ಟೇ ಉಳಿಸಿ ಪುಟ್ಟ ಚಾಕುವಿನಿಂದ ಕತ್ತರಿಸುತ್ತಾರೆ. ಗಂಟಿಲ್ಲ. ನೇಯ್ಗೆಯ ಬಿಗಿಯೇ ಎಳೆಯನ್ನು ಹಿಡಿದಿರುತ್ತದೆ. ಇಂಥ ಸಾವಿರಾರು ಕುಚ್ಚು ಒತ್ತೊತ್ತಾಗಿ ನಿಂತು, ಉಜ್ಜಿದಾಗ ತುದಿ ಸಿಬಿರೊಡೆದು ನವಿರಾಗುತ್ತದೆ. ಈ ಕುಚ್ಚುಗಳ ಪದರವನ್ನೇ ಮುಂದೆ ನವಿರು ಎನ್ನುತ್ತೇನೆ. ಸೂಜಿ ಮೇಲಿನ ಎಳೆಯ ಅಡಿಯಲ್ಲಷ್ಟೇ ಹಾಯುವುದರಿಂದ ಬಟ್ಟೆಯ ಹಿಂಬದಿಯಲ್ಲಿ ವಿನ್ಯಾಸ ಕಾಣುವುದಿಲ್ಲವೆಂದೇ ಹೇಳಬಹುದು. ನಿಮ್ಮದನ್ನು ತಿರುವಿ ನೋಡಿ. ಹಿಂದೆ ಬರಿಯ ನೇಯ್ಗೆಯಿದ್ದರೆ ಕೈಕೆಲಸ ಸರಿಯಾದದ್ದು. ಒಂದು ತುಂಡು ಮುಗಿಯಲು ತಿಂಗಳುಗಳು ಹಿಡಿಯುತ್ತವೆ, ಹೊಲ ಮನೆ ಕೆಲಸದ ನಡುವೆ ವರ್ಷವೂ ಆಗಬಹುದು.

ಇಲ್ಲಿ ಗಮನಿಸಬೇಕಾದ್ದು: ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿಯೂ ಗೆರೆ ಎಳೆಯುವುದಿಲ್ಲ, ಆದರೆ ಎಳೆ ಎಣಿಸಿ ಹೋಗುತ್ತೇವೆ. ಸೂಜಿ ಹೊರಟಲ್ಲಿಗೇ ತಿರುಗಿ ಬರಬೇಕು, ಒಂದು ಎಳೆ ತಪ್ಪಿದರೆ ಬಿಚ್ಚಬೇಕು. ಶೋವಾ ಹೆಂಗಸು ಲೆಕ್ಕಕ್ಕೆ ಕಟ್ಟುಬಿದ್ದವಳಲ್ಲ. ಕಪ್ಪು ಗೆರೆಯಿಂದ ಒಂದು ವಜ್ರ, ಒಂದು ಹೆಣಿಗೆ ಹಾಕಿಕೊಂಡು ಶುರುಮಾಡುತ್ತಾಳೆ. ನಾಲ್ಕು ಸಾಲು ನಡೆದ ಮೇಲೆ ವಜ್ರವನ್ನು ಸೀಳಿ ಎರಡು ಮಾಡಬಹುದು, ಗಾತ್ರ ಹಿಗ್ಗಿಸಬಹುದು, ಕಪ್ಪಿದ್ದ ಕಡೆ ತಿಳಿಬಣ್ಣ ಹಾಕಿ ಆಕಾರವನ್ನು ಹಿನ್ನೆಲೆಯಾಗಿ, ಹಿನ್ನೆಲೆಯನ್ನು ಆಕಾರವಾಗಿ ಅದಲುಬದಲು ಮಾಡಬಹುದು. ಹಾಡುಗಾರ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಪ್ರತಿ ಸಲವೂ ಕೊಂಚ ಕೊಂಕಿಸುವ ಹಾಗೆ. ಕೇಳುವವನ ಕಿವಿ ನೆಟ್ಟಗಾಗುವುದು ಆ ಕೊಂಕಿನಲ್ಲೇ.

ತಪ್ಪಿ ಹೀಗಾಯಿತೋ, ಬೇಕೆಂದೇ ಮಾಡಿದರೋ ಎಂದು ತಿಳಿಯುವ ಬಗೆಯಿದೆ. ವಿನ್ಯಾಸ ಮುರಿದ ಜಾಗದಲ್ಲಿ ನವಿರಿನ ಒತ್ತು ಹಾಗೆಯೇ ಮುಂದುವರಿದಿದೆಯೇ, ಕಪ್ಪು ಗೆರೆ ಎಲ್ಲೂ ತುಂಡಾಗದೆ ಹೊಸ ಆಕಾರಕ್ಕೆ ತಿರುಗಿದೆಯೇ ನೋಡಿ. ಹಾಗಿದ್ದರೆ ಅದು ಕೈಯ ತೀರ್ಮಾನ. ನವಿರು ಉದುರಿ ಅಡಿಯ ನೇಯ್ಗೆ ಕಾಣುತ್ತಿದ್ದರೆ, ಅಥವಾ ಬೇರೆ ಹೊಳಪಿನ ಎಳೆಯಿಂದ ತುಂಬಿದ್ದರೆ, ಅದು ಸವೆತ ಅಥವಾ ಆಮೇಲಿನ ರಿಪೇರಿ.

ಇಷ್ಟು ಸ್ವಚ್ಛಂದವಾಗಿ ಮಾಡಿದರೂ ಅವರ ಕೈಗೆ ಸಮಮಿತಿಯ ಹಿಡಿತ ಎಷ್ಟಿದೆ ಎಂದರೆ ಗಣಿತಜ್ಞರೇ ಬೆನ್ನು ಹತ್ತಿದರು. ಒಂದು ಪಟ್ಟಿಯ ಮೇಲೆ ವಿನ್ಯಾಸವನ್ನು ಪುನರಾವರ್ತಿಸಲು ಒಟ್ಟು 7 ಬಗೆಗಳಷ್ಟೇ ಸಾಧ್ಯ. ಉದ್ದಗಲಕ್ಕೂ ಹರಡುವ ವಿನ್ಯಾಸವಾದರೆ 17. ಡೊನಾಲ್ಡ್ ಕ್ರೋ ಎಂಬ ಅಮೆರಿಕದ ಗಣಿತಜ್ಞ ಕುಬಾ ಕಲೆಯನ್ನು ಈ ಕಣ್ಣಿನಿಂದ ಜಾಲಾಡಿ, 7ಕ್ಕೆ 7, 17ರಲ್ಲಿ 12 ಬಗೆಗಳು ಅಲ್ಲಿವೆ ಎಂದು ತೋರಿಸಿದರು. ಅಂದಹಾಗೆ, ಆ 17ರಲ್ಲಿ 5 ಬಗೆಗಳು ಮೂರನೇ ಒಂದು ಅಥವಾ ಆರನೇ ಒಂದು ಸುತ್ತು ತಿರುಗಿಸಿದರೂ ಹಾಗೆಯೇ ಕಾಣಬೇಕೆಂದು ಕೇಳುತ್ತವೆ. ಹಾಸು ಹೊಕ್ಕಿನ ಚೌಕಟ್ಟಿನ ಮೇಲೆ ಅವು ಕರಾರುವಾಕ್ಕಾಗಿ ಕೂರುವುದೇ ಇಲ್ಲ. ಜೇನುಗೂಡನ್ನು ಗೋಣಿತಟ್ಟಿನ ಮೇಲೆ ಹೊಲಿಯಹೊರಟರೆ ಗೊತ್ತಾಗುತ್ತದೆ.

ನಾಲ್ಕು ಮೀಟರಿನದು ಹೆಂಗಸರ ಉಡುಗೆ, ಸೊಂಟಕ್ಕೆ ಹಲವು ಸುತ್ತು ಸುತ್ತಿ ಬೆಲ್ಟಿನಿಂದ ಬಿಗಿಯುವುದು. ಅಂಚಿನುದ್ದಕ್ಕೂ ರಾಫಿಯಾದ ಗೊಂಡೆಗಳಿದ್ದರೆ ಗಂಡಸರದ್ದಿರುವ ಸಂಭವ ಹೆಚ್ಚು. ನೀವು ಗೊಂಡೆಯ ಮಾತೆತ್ತಿಲ್ಲ. ಗಂಡಸರ ಉಡುಗೆಯನ್ನು ಗಂಡಸರು, ಹೆಂಗಸರದ್ದನ್ನು ಹೆಂಗಸರು ಜೋಡಿಸಿ ಹೊಲಿಯುವುದು ರೂಢಿ. ಗರಿಯ ಉದ್ದ ಮೀರದ ತುಂಡುಗಳನ್ನು ಸಾಲಾಗಿ ಕೂಡಿಸಿಯೇ ಇಷ್ಟುದ್ದ ಮಾಡಬೇಕು. ಒಂದೊಂದು ತುಂಡು ಒಬ್ಬೊಬ್ಬರ ಕೈಯದು, ಕೆಲವು ಸಲ ಬೇರೆ ಬೇರೆ ವರ್ಷದ್ದು. ಹೊಲಿಗೆ ದಾಟಿದ ಕೂಡಲೇ ತೇಪೆಗಳ ಗಾತ್ರವೋ ನಡೆಯೋ ಬದಲಾಗಿದ್ದರೆ, ನೀವು ಕಾಣುತ್ತಿರುವುದು ಇನ್ನೊಬ್ಬಳ ಕೈ. ಬಟ್ಟೆಯ ಒಡೆತನವೂ ಒಬ್ಬರದಲ್ಲ, ತಾಯಿಯ ಕಡೆಯ ಬಳಗದ್ದು. ಯಾವುದನ್ನು ಸತ್ತವರ ಜೊತೆ ಕಳಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಬಳಗ ಕೂತು ತೀರ್ಮಾನಿಸುತ್ತದೆ. ವರ್ಷಗಟ್ಟಲೆ ದುಡಿದದ್ದನ್ನು ಮಣ್ಣಿಗೆ ಕೊಡುವುದೇ ಅಲ್ಲಿ ಸತ್ತವರಿಗೆ ತೋರುವ ಗೌರವ.

ಆ ತೇಪೆಗಳ ಬಗ್ಗೆ ಒಂದು ಮಾತು. ಕುಟ್ಟಿ ಮೆತ್ತಗೆ ಮಾಡುವಾಗ ಬಟ್ಟೆಯಲ್ಲಿ ತೂತು ಬೀಳುತ್ತದೆ, ಅದನ್ನು ಮುಚ್ಚಲು ತೇಪೆ ಹಾಕಿದರು, ತೇಪೆಯೇ ಬರಬರುತ್ತ ಅಂದವಾಯಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಕೌದಿ ಹೊಲಿಯುವವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ: ತೂತು ಕಂಡ ಕಡೆ ತೇಪೆ ಕೆಲಸಕ್ಕೆ ಬಂದದ್ದು, ನೇಯ್ಗೆ ಪೂರ್ತಿಯಿದ್ದ ಕಡೆ ಜೊತೆಗಾಗಿ ಬಂದದ್ದು. ಒಂದು ಮೂಲೆಯಲ್ಲಿ ತೂತು ಮುಚ್ಚಿದ ತೇಪೆ ಒಂಟಿಯಾಗಿ ಕಂಡರೆ, ಅದಕ್ಕೆ ಸಮತೂಕವಾಗಿ ಇನ್ನೊಂದು, ಮತ್ತೊಂದು ಎಂದು ಹರಡಿರುವುದು ಕಣ್ಣಿಗೆ ಬಿದ್ದೀತು. ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತೀಸ್ ಇಂಥ ಬಟ್ಟೆಗಳನ್ನು ತನ್ನ ಕೆಲಸದ ಕೋಣೆಯ ಗೋಡೆಗೆ ತೂಗುಹಾಕಿಕೊಂಡಿದ್ದ.

19ನೇ ಶತಮಾನ ಎಂಬ ಮಾತನ್ನು ನಾನು ಪಕ್ಕಕ್ಕಿಡುತ್ತೇನೆ. ಆ ಕಾಲದವೆಂದು ಖಾತ್ರಿಯಾಗಿ ಹೇಳಬಹುದಾದವು ಕೂಡಿಸಿದವರ ದಾಖಲೆಯಿರುವ ಬಟ್ಟೆಗಳು; 1892ರಲ್ಲಿ ರಾಜಧಾನಿ ಮುಟ್ಟಿದ ಆಫ್ರಿಕನ್ ಅಮೆರಿಕನ್ ಮಿಶನರಿ ವಿಲಿಯಂ ಶೆಪರ್ಡ್ ತಂದವು ಈಗ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿವೆ. ದಾಖಲೆಯಿಲ್ಲದ ಸಂತೆಯ ಮಾಲನ್ನು 20ನೇ ಶತಮಾನದ್ದು ಎಂದುಕೊಂಡು ಶುರುಮಾಡುವುದು ಕ್ಷೇಮ. ಕೆಲವು ಸುಳಿವುಗಳಿವೆ. ನವಿರನ್ನು ಬೆರಳಿನಿಂದ ಬಿಡಿಸಿ ಬುಡದ ಬಣ್ಣ ನೋಡಿ. ತುದಿ ಮಾಸಿ ಬುಡದಲ್ಲಿ ಢಾಳಾದ ನೇರಳೆ, ಗುಲಾಬಿ, ಹಸಿರು ಉಳಿದಿದ್ದರೆ ಕಾರ್ಖಾನೆಯ ಬಣ್ಣ. ಹಳೆಯದೆಂದು ತೋರಿಸಲು ಚಹಾದ ನೀರಿನಲ್ಲಿ ಅದ್ದಿದ ಬಟ್ಟೆ ಎಲ್ಲೆಡೆ ಒಂದೇ ಸಮ ಕಂದಾಗಿರುತ್ತದೆ, ಮಡಚಿ ಹೊಲಿದ ಅಂಚಿನ ಒಳಗೂ. ನಿಜವಾದ ಹಳೆತನ ಮಡಿಕೆಯ ಏಣಿನಲ್ಲಿ, ಸೊಂಟ ತಾಗಿದ ಕಡೆ ಹೆಚ್ಚು, ಅಂಚಿನ ಒಳಗೆ ಕಡಿಮೆ. ನವಿರು ವಿರಳವಾಗಿ ಅಡಿಯ ನೇಯ್ಗೆ ಇಣುಕುತ್ತಿದ್ದರೆ ಮಾರಾಟಕ್ಕೆ ಅವಸರದಲ್ಲಿ ಮಾಡಿದ್ದಿರಬಹುದು, ಆದರೆ ಇದೊಂದರಿಂದಲೇ ತೀರ್ಪು ಕೊಡಬೇಡಿ. ಮಾರಾಟಕ್ಕೆ ಮಾಡಿದ್ದು ಎಂದರೆ ನಕಲಿ ಎಂದೂ ಅಲ್ಲ. ಕೈ ಅದೇ, ಊರು ಅದೇ. ಬೆಲೆ ಮಾತ್ರ ಬೇರೆಯಾಗಬೇಕು. "ರಾಜಮನೆತನ" ಎಂಬುದಕ್ಕೆ ಹೆಚ್ಚು ಹಣ ಕೊಟ್ಟಿದ್ದರೆ ಅದು ಹೋಯಿತೆಂದುಕೊಳ್ಳಿ.

ಇನ್ನು ತೊಳೆಯುವುದು. ದಯವಿಟ್ಟು ಬೇಡ. ಮೇಲೆ ಹೇಳಿದಂತೆ ಕುಚ್ಚುಗಳಿಗೆ ಗಂಟಿಲ್ಲ. ನೀರು ಕುಡಿದ ರಾಫಿಯಾ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಆ ಎಳೆದಾಟದಲ್ಲಿ ನೇಯ್ಗೆಯ ಹಿಡಿತ ಸಡಿಲಾಗಿ ನವಿರು ಉದುರಲು ಶುರುವಾಗುತ್ತದೆ. ಉದುರಿದ್ದನ್ನು ಮತ್ತೆ ಕೂರಿಸಲಾಗದು. ಬಣ್ಣದ ತೊಂದರೆ ಬೇರೆ. ಕೆಂಪು ಇದ್ದರೆ ಅದು ಟುಕುಲಾ ಎಂಬ ಮರದ ಪುಡಿಯದ್ದಿರಬಹುದು. ಅದು ನಮ್ಮ ರಕ್ತಚಂದನದ ಕುಲದ ಮರ, ಬಣ್ಣ ಕೊಡುವ ಅಂಶವೂ ಅದೇ ಬಗೆಯದು. ರಕ್ತಚಂದನದ ಕೊರಡು ತೇಯ್ದವರಿಗೆ ಗೊತ್ತು: ನೀರಿನಲ್ಲಿ ಅಷ್ಟಾಗಿ ಕರಗದು, ಪುಡಿಯಾಗಿ ಕೈಗಂಟುತ್ತದೆ. ಆದರೆ ಸ್ಪಿರಿಟ್‌ನಲ್ಲಿ, ಸೋಪಿನಂಥ ಕ್ಷಾರದಲ್ಲಿ ಸರಾಗವಾಗಿ ಬಿಡುತ್ತದೆ. ಆದ್ದರಿಂದ ಮಾರ್ಜಕ, ಸ್ಯಾನಿಟೈಸರ್, ಸೆಂಟು, ವಾಸನೆ ಓಡಿಸುವ ಸ್ಪ್ರೇ ಯಾವುದೂ ಹತ್ತಿರ ಬರಬಾರದು. ಡ್ರೈಕ್ಲೀನಿಂಗ್ ಅಂಗಡಿಯವರು "ಏನೂ ಆಗಲ್ಲ" ಎಂದರೆ ನಂಬಬೇಡಿ. ಯಂತ್ರದಲ್ಲಿ ಉರುಳುವುದೇ ಸಾಕು ನವಿರು ಕಳೆಯಲು. ಇಸ್ತ್ರಿಯ ಬಿಸಿಗೆ ನವಿರು ಶಾಶ್ವತವಾಗಿ ಮಲಗುತ್ತದೆ, ಒಣಗಿದ ಎಳೆ ಮಡಿಕೆಯಲ್ಲೇ ಮುರಿಯುತ್ತದೆ. ಮಡಿಕೆ ಬಿಡಿಸಲೇಬೇಕಿದ್ದರೆ ತಣ್ಣನೆಯ ತೇವ ಹಾಯಿಸಿ ನಿಧಾನವಾಗಿ ಸಡಿಲಿಸುವ ವಿಧಾನವಿದೆ. ಅದನ್ನು ಜವಳಿ ಸಂರಕ್ಷಕರಿಗೆ ಬಿಡಿ.

ಹೊಗೆಯ ವಾಸನೆಗೆ ಗಾಳಿಯೇ ಮದ್ದು. ಬಿಸಿಲು ಬೀಳದ ಕೋಣೆಯಲ್ಲಿ ತೆಳು ಹತ್ತಿ ಬಟ್ಟೆಯ ಮೇಲೆ ಹರಡಿ, ಎರಡು ಮೂರು ವಾರ ಬಿಡಿ. ಧೂಳಿಗೆ ವ್ಯಾಕ್ಯೂಮ್ ಯಂತ್ರವನ್ನು ಅತಿ ಕಡಿಮೆ ಎಳೆತಕ್ಕೆ ಇಟ್ಟು, ಬಾಯಿಗೆ ನೈಲಾನ್ ಬಲೆ ಬಿಗಿದು, ಬಟ್ಟೆಗೆ ತಾಗಿಸದೆ ಒಂದೆರಡು ಸೆಂ.ಮೀ. ಮೇಲಿನಿಂದ ಆಡಿಸಿ. ಬಲೆಯಲ್ಲಿ ಬಣ್ಣದ ಎಳೆಗಳು ಸಿಕ್ಕತೊಡಗಿದರೆ ಅಲ್ಲಿಗೇ ನಿಲ್ಲಿಸಿ.

ಸಂತೆಯಿಂದ ತಂದದ್ದಾದ್ದರಿಂದ ಹುಳದ ಪರೀಕ್ಷೆ ಬೇಕೇಬೇಕು. ಬಿಳಿ ಹಾಳೆಯ ಮೇಲೆ ಒಂದು ವಾರ ಇಟ್ಟು, ಸಣ್ಣ ಪುಡಿ ಉದುರಿದೆಯೇ, ಗುಂಡುಸೂಜಿ ತಲೆಯಷ್ಟು ಹೊಸ ತೂತುಗಳಿವೆಯೇ ನೋಡಿ. ಇದ್ದರೆ ಔಷಧ ಹೊಡೆಯಬೇಡಿ. ಬಟ್ಟೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ಭದ್ರವಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೆಪ್ಪುಗಟ್ಟಿದಾಗ ಎಳೆ ಗಾಜಿನಂತೆ ಪೆಡಸು, ಮಡಚಬೇಡಿ, ಮೇಲೆ ಏನೂ ಹೇರಬೇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಎಲ್ಲರೂ ಎಡವುವುದು ಇಲ್ಲೇ: ನೋಡುವ ಆತುರಕ್ಕೆ ಬಿಚ್ಚಿದರೆ ಕೋಣೆಯ ತೇವವೆಲ್ಲ ತಣ್ಣನೆಯ ಬಟ್ಟೆಯ ಮೇಲೆ ಹನಿಗಟ್ಟುತ್ತದೆ.

ತೂಗುಹಾಕುವುದರಲ್ಲಿ ಎರಡಕ್ಕೂ ದಾರಿ ಬೇರೆ. ಮಖಮಲ್ಲಿನ ತುಂಡಿಗೆ ಚೌಕಟ್ಟೇ ಸರಿ. ಹತ್ತಿ ಬಟ್ಟೆ ಹೊದಿಸಿದ ಮೆತ್ತನೆಯ ಹಲಗೆಯ ಮೇಲೆ ಅದನ್ನಿಟ್ಟು, ಅಂಚಿನ ಮಡಿಕೆಯಲ್ಲಿ ಮಾತ್ರ, ಎಳೆಗಳ ಸಂದಿಯಲ್ಲಿ ಬಾಗುಸೂಜಿ ತೂರಿಸಿ ಎರಡು ಮೂರು ಸೆಂ.ಮೀ.ಗೊಂದು ಹೊಲಿಗೆ ಹಾಕಿಸಿ. ಗೋಂದು, ಎರಡು ಬದಿ ಅಂಟುವ ಟೇಪು ಬೇಡ. ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಎಳೆಗೆ ಇಳಿಯುತ್ತದೆ. ಮುಂದೆ ಗಾಜು ಹಾಕಿಸಿ, ಗಾಜಿಗೂ ನವಿರಿಗೂ ನಡುವೆ ಕನಿಷ್ಠ ಒಂದು ಸೆಂ.ಮೀ. ಜಾಗ ಬಿಡಿಸಿ. ಚೌಕಟ್ಟಿನ ಅಂಗಡಿಯವರು ಹಗುರವೆಂದು ಅಕ್ರಿಲಿಕ್ ಶೀಟ್ ಸೂಚಿಸುತ್ತಾರೆ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಸಡಿಲ ಕುಚ್ಚುಗಳನ್ನು ಎಳೆದುಕೊಳ್ಳುತ್ತದೆ, ಇಂಥ ಬಟ್ಟೆಗೆ ಅದು ಸಲ್ಲ.

ನಾಲ್ಕು ಮೀಟರಿನದನ್ನು ಪರದೆಯಂತೆ ಮೇಲಿನಿಂದ ಕೆಳಕ್ಕೆ ಇಳಿಬಿಡಬೇಡಿ. ಆಗ ಪೂರ್ತಿ ಭಾರ ಮೇಲಿನ ಒಂದು ಹೊಲಿಗೆಯ ಮೇಲೆ ಬಿದ್ದು, ಒಂದು ದಿನ ತುಂಡು ತುಂಡಿನ ಕೂಡುಹೊಲಿಗೆ ಹರಿಯುತ್ತದೆ. ಉಡುವಾಗ ಹೇಗೆ ಇರುತ್ತದೋ ಹಾಗೆ, ಉದ್ದ ಅಡ್ಡಕ್ಕೆ ಬರುವಂತೆ ಹಾಕಿ, 75 ಸೆಂ.ಮೀ. ಮಾತ್ರ ಕೆಳಗಿಳಿಯುತ್ತದೆ. ಹಿಂಬದಿಯ ಮೇಲಂಚಿಗೆ ಹತ್ತಿ ಪಟ್ಟಿಯೊಂದನ್ನು ಕೈಹೊಲಿಗೆಯಲ್ಲಿ ಕೂಡಿಸಿ, ಅದಕ್ಕೆ ವೆಲ್ಕ್ರೋದ ಮೆತ್ತನೆ ಭಾಗ ಹೊಲಿದು, ಗೋಡೆಗೆ ಬಡಿದ ಮರದ ಪಟ್ಟಿಗೆ ಒರಟು ಭಾಗ ಅಂಟಿಸಬೇಕು. ಕ್ಲಿಪ್ಪು, ಮೊಳೆ ಹಾಕಿದ ಕಡೆ ಹರಿಯುವುದು ಖಂಡಿತ. ಗೋಡೆ ಸಾಲದಿದ್ದರೆ ಎರಡು ಮೀಟರ್ ತೋರಿಸಿ, ಉಳಿದದ್ದನ್ನು ಅಕ್ಕಪಕ್ಕ ಕೊಳವೆಗೆ ಸುತ್ತಿಡಿ.

ಎರಡಕ್ಕೂ ಬೆಳಕು ಶತ್ರು. ಮ್ಯೂಸಿಯಂಗಳಲ್ಲಿ ಇಂಥ ಬಟ್ಟೆಗೆ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಮೀರಿಸುವುದಿಲ್ಲ. ಮನೆಯ ಲೆಕ್ಕದಲ್ಲಿ ಅದು ಮಬ್ಬು ದೀಪ. ಕಿಟಕಿಗೆ ಎದುರಿನ ಗೋಡೆ ಬೇಡ, ಬಟ್ಟೆಗೆಂದೇ ಬಲ್ಬು ಬೇಡ. ಕಪ್ಪು ಭಾಗವನ್ನು ಆಗಾಗ ಗಮನಿಸಿ. ಕೆಸರಿನ ಕಬ್ಬಿಣ, ಎಲೆಯ ಒಗರು ಸೇರಿ ಆದ ಕಪ್ಪಾಗಿದ್ದರೆ ಅದು ಕಾಲಕ್ರಮದಲ್ಲಿ ಎಳೆಯನ್ನೇ ತಿನ್ನುತ್ತದೆ, ಬೇರೆ ಬಣ್ಣಗಳಿಗಿಂತ ಮೊದಲು ಉದುರುತ್ತದೆ. ವರ್ಷಕ್ಕೆ ಮೂರು ತಿಂಗಳು ಗೋಡೆಯ ಮೇಲೆ, ಉಳಿದ ಒಂಬತ್ತು ತಿಂಗಳು ಕತ್ತಲಲ್ಲಿ ಎಂದಿಟ್ಟುಕೊಂಡರೆ ಒಳ್ಳೆಯದು.

ಎರಡನ್ನೂ ಇಟ್ಟುಕೊಳ್ಳುವ ಮನಸ್ಸಿಲ್ಲವೆಂದರೆ, ನೀವಿರುವ ಊರಿನ ಪಕ್ಕದಲ್ಲೇ ಟೆರ್ವ್ಯೂರನ್ ಮ್ಯೂಸಿಯಂ ಇದೆ, ಮಧ್ಯ ಆಫ್ರಿಕದ ವಸ್ತುಗಳ ದೊಡ್ಡ ಸಂಗ್ರಹ ಅವರದು. ದಾಖಲೆಯಿಲ್ಲದ ಬಟ್ಟೆಯನ್ನು ತೆಗೆದುಕೊಳ್ಳಲೇಬೇಕೆಂದಿಲ್ಲ, ಆದರೆ ಅಲ್ಲಿನ ಬಟ್ಟೆಗಳನ್ನು ನಿಮ್ಮದರ ಜೊತೆ ಹೋಲಿಸಿ ನೋಡಲು ಅದಕ್ಕಿಂತ ಹತ್ತಿರದ ಜಾಗ ಇಲ್ಲ. ಇನ್ನೊಬ್ಬರಿಗೆ ಮಾರುವುದಾದರೆ ಆ ಚೀಟಿಯನ್ನು ಜೊತೆಗೆ ಕೊಡಬೇಡಿ. ಎಲ್ಲಿ, ಯಾವ ತಾರೀಕಿಗೆ ಕೊಂಡಿರಿ ಎಂದು ಬರೆದು ಕೊಡಿ. ಅಂಚಿನಲ್ಲೆಲ್ಲಾದರೂ ಚುಕ್ಕೆಯ ತುಪ್ಪಳದ ತುಂಡು ಹೊಲಿದಿದ್ದರೆ ಗಡಿ ದಾಟಿಸುವ ಮೊದಲು ವಿಚಾರಿಸಿ. ಚಿರತೆಯ ಚರ್ಮವಾಗಿದ್ದರೆ ಪರವಾನಗಿಯಿಲ್ಲದೆ ಸಾಗಿಸುವುದು ಅಪರಾಧ.

ಧಾರವಾಡಕ್ಕೆ ತರುವ ಯೋಚನೆಯಿದ್ದರೆ ಮಳೆಗಾಲದಲ್ಲಿ ತರಬೇಡಿ. ಉದ್ದದ್ದನ್ನು 8 ರಿಂದ 10 ಸೆಂ.ಮೀ. ದಪ್ಪದ ಕೊಳವೆಗೆ, ತೇಪೆಯ ಬದಿ ಹೊರಗೆ ಬರುವಂತೆ ಸುತ್ತಿ; ಒಳಗೆ ಬಂದರೆ ತೇಪೆಗಳು ಸುಕ್ಕಾಗುತ್ತವೆ. ನಡುವೆ ಹಲವು ಸಲ ಒಗೆದ, ಗಂಜಿಯಿಲ್ಲದ ಹಳೇ ಹತ್ತಿ ಸೀರೆಯಿದ್ದರೆ ಸಾಕು. ಮಖಮಲ್ಲಿನದು ಸಪಾಟಾಗಿ ಬರಲಿ. ಮನೆ ಸೇರಿದ ಮೇಲೆ ನ್ಯಾಫ್ತಲಿನ್ ಗುಳಿಗೆ ಹಾಕಿದ ಟ್ರಂಕಿನಲ್ಲಿ ಇಡಬೇಡಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಬೂಸ್ಟು ಬಂದಿದೆಯೇ ನೋಡಿ, ಗಾಳಿಗಿಟ್ಟು ಮತ್ತೆ ಸುತ್ತಿ.